ಹನಿ ಬೀಳುವ ಮೊದಲೇ ಒದ್ದೆ

ನನ್ನ ತಮ್ಮ ಸ್ತಾಮೆನ್ ತೀರಿಕೊಂಡ ಸುದ್ದಿ ಊರಿಗೆ ತಿಳಿದದ್ದು ಔಷಧ ಕಾರ್ಖಾನೆಯ ಗೇಟಿನಲ್ಲಿ. ಬೆಳಗಿನ ಪಾಳಿಯವರು ಅಲ್ಲಿ ಅಂಟಿಸಿದ್ದ ಕಪ್ಪಂಚಿನ ಹಾಳೆಯಲ್ಲಿ ಅವನ ಮುಖ ಕಂಡು ಟೊಪ್ಪಿ ತೆಗೆದರು. ಒಳಗಿನ ಫಲಕದಲ್ಲಿ ಹಿಂದಿನ ವಾರದ ಇನ್ನೊಂದು ಹಾಳೆ ಹಾಗೇ ಇತ್ತು: ಜ್ವರದ ಮಾತ್ರೆಯ ಪುಡಿ ಗಂಟುಕಟ್ಟಿ ಹಾಳಾಗಿದೆ, ಕಾರಣ ಯಂತ್ರ ನಡೆಸಿದವನ ಕೈತಪ್ಪು. ಆ ಕೈ ಸ್ತಾಮೆನ್‌ನದು.

ಇಂದು ಅವನು ತೀರಿಕೊಂಡ ನಲವತ್ತನೆಯ ದಿನ, ಚರ್ಚಿನಲ್ಲಿ ಅವನಿಗಾಗಿ ಪ್ರಾರ್ಥನೆಯ ದಿನ. ಬೆಳಕು ಹರಿಯುವಾಗಲೇ ಕಾರ್ಖಾನೆಯ ಬಾಯ್ಲರಿನ ಹಿಂದಿನ ಕಿರುಕೋಣೆಯಲ್ಲಿ ನಮ್ಮ ಇನ್ನೊಬ್ಬ ತಮ್ಮನ ಮಗಳು ರಾಲಿತ್ಸಾ ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ. ಅಲ್ಲೇ ಕೆಲಸ ಮಾಡಿದರೂ ಅವಳನ್ನು ಬಲ್ಲವರು ಕಡಿಮೆ. ಸ್ತಾಮೆನ್ ನಡೆಸುತ್ತಿದ್ದ ಯಂತ್ರದ ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಕೆಳಗಿನಿಂದ ನುಗ್ಗುವ ಬಿಸಿಗಾಳಿ ಪುಡಿಯನ್ನು ಉಕ್ಕುವ ಹಾಲಿನಂತೆ ಎತ್ತಿ ಕುಣಿಸುತ್ತದೆ. ಮೇಲಿನಿಂದ ಅಂಟುದ್ರವ ತುಂತುರಾಗಿ ಬಿದ್ದು ಪುಡಿ ಹರಳಾಗುತ್ತದೆ. ತೇವ ಮಿತಿಮೀರಿದರೆ ಗಂಟು. ಅದೇ ಪಾತ್ರೆಯನ್ನು ರಾಲಿತ್ಸಾ ಕಂಪ್ಯೂಟರಿನೊಳಗೆ ಲೆಕ್ಕದಿಂದ ಕಟ್ಟಿ ನಡೆಸುತ್ತಾಳೆ. ಯಾವ ಹನಿ ಯಾವ ಕಣಕ್ಕೆ ತಾಗಿತು, ಎಷ್ಟು ಬೇಗ ಆರಿತು, ಎಲ್ಲ ಪರದೆಯ ಮೇಲೆ ಕಾಣುತ್ತದೆ.

"ಯಂತ್ರದ ಕಿಟಕಿ ಪುಡಿ ಮೆತ್ಕೊಂಡು ಕುರುಡಾಗುತ್ತೆ ದೊಡ್ಡಪ್ಪ. ಇಲ್ಲಿ ಕಣ್ಣು ಬಿಟ್ಟಿರುತ್ತೆ," ಎನ್ನುತ್ತಾಳೆ.

ಸ್ತಾಮೆನ್ ಇಟ್ಟಿದ್ದ ಗಾಳಿ, ಅವನು ಬಿಟ್ಟಿದ್ದ ತುಂತುರು, ಎರಡನ್ನೂ ಹಾಕಿ ಅವಳು ಮೊದಲು ಲೆಕ್ಕ ನಡೆಸಿದಾಗ ಗಂಟೇ ಕಟ್ಟಲಿಲ್ಲ. ಅಂದರೆ ಅವನು ಬೇರೇನೋ ಕೈಯಾಡಿಸಿರಬೇಕು! "ನನ್ನ ಲೆಕ್ಕವೇ ಚಿಕ್ಕಪ್ಪನ ಮೇಲೆ ಬೊಟ್ಟು ಮಾಡ್ತು. ಊಟ ಸೇರಲಿಲ್ಲ ನಂಗೆ."

ಒಂಬತ್ತನೆಯ ದಿನದ ಪ್ರಾರ್ಥನೆಯಲ್ಲಿ ಸತ್ತವನ ಹೆಸರಲ್ಲಿ ಹಂಚುವ ಸಿಹಿಗೋಧಿ ಬೇಯಿಸುವುದನ್ನು ಅವಳೇ ಹಟಹಿಡಿದು ವಹಿಸಿಕೊಂಡಳು. ಸಕ್ಕರೆಪುಡಿ ಬೆರೆಸಿದ್ದೇ ತಡ, ಎಲ್ಲ ಮುದ್ದೆ.

"ಹನಿ ಲೆಕ್ಕ ಹಾಕೋಳಂತೆ ಇವಳು!" ಸ್ತಾಮೆನ್‌ನ ಹೆಂಡತಿ ಪೆನಾ ಅಳುವಿನ ನಡುವೆಯೂ ಗದರಿದಳು.

"ಸಕ್ಕರೆ ಅಳತೆ ಸರಿಯಾಗೇ ಇತ್ತು ಚಿಕ್ಕಮ್ಮ."

"ಸಕ್ಕರೆದೇನು ತಪ್ಪೇ? ಗೋಧಿನ ಬಟ್ಟೆ ಮೇಲೆ ಹರವಿ ಆರಿಸಿದ್ಯಾ? ಮೊದಲೇ ಒದ್ದೆ ಅದು."

ರಾಲಿತ್ಸಾ ಸೌಟು ಹಿಡಿದೇ ನಿಂತಳು. ಅವಳ ಲೆಕ್ಕದಲ್ಲಿ ಪ್ರತಿ ಕಣವೂ ಒಣಗಿದ್ದೇ ಎಂದಿತ್ತು. ಆದರೆ ಗಂಟು ಕಟ್ಟಿದ ಆ ವಾರ ಪುಡಿ ಬಂದದ್ದು ಮಳೆಗೆ ಸೋರುವ ಉಗ್ರಾಣದಿಂದ.

ಅದೇ ಉಗ್ರಾಣದಲ್ಲಿ ಉಳಿದಿದ್ದ ಮೂಟೆಯ ತೇವ ಅಳೆದು, ಅವಳು ಲೆಕ್ಕವನ್ನು ಮೊದಲಿನಿಂದ ಹೂಡಿದಳು. ಈ ಬೆಳಿಗ್ಗೆ ಅದು ಮುಗಿದಿದೆ. ಅದೇ ಗಾಳಿ, ಅದೇ ತುಂತುರು. ಕುಣಿಯುವ ಕಣಗಳು ಭಾರವಾಗಿ, ಒಂದಕ್ಕೊಂದು ಅಂಟಿ, ತಳಕ್ಕೆ ಕೂರುತ್ತವೆ.

ಮ್ಯಾನೇಜರ್ ಕನ್ನಡಕ ಏರಿಸಿ ಎರಡು ಸಲ ನೋಡುತ್ತಾನೆ. "ಹಾಗಾದ್ರೆ ಅವನ ಕೈಯಲ್ಲ," ಎಂದು ಹೋಗಿ ತಾನೇ ಫಲಕದ ಹಾಳೆ ಕೀಳುತ್ತಾನೆ.

ಮರಳಿ ಬಂದು, ನಿನಗೇನು ಬೇಕಮ್ಮ ಎಂದು ಅವನು ಕೇಳಿದರೆ ರಾಲಿತ್ಸಾ ಏನೂ ಬೇಡವೆಂದು ತಲೆಯಾಡಿಸುತ್ತಾಳೆ. "ಇನ್ಮೇಲೆ ಪುಡಿ ಸುರಿಯೋ ಮೊದಲು ತೇವ ನೋಡ್ಲಿ. ಅಷ್ಟೇ."

ಇಂದಿನ ಗೋಧಿ ಬಿಡಿಬಿಡಿಯಾಗಿದೆ. ಚರ್ಚಿನಲ್ಲಿ, ಅಗಲಿದವರಿಗೆಂದು ಇಟ್ಟ ಮರಳಿನ ತಟ್ಟೆಯಲ್ಲಿ ಮೇಣದಬತ್ತಿ ನೆಟ್ಟಿದ್ದೇವೆ. ಪ್ರಭುವೇ, ನಿನ್ನ ಸೇವಕ ಸ್ತಾಮೆನ್‌ನನ್ನು ಮನ್ನಿಸು. ನೋವೂ ನಿಟ್ಟುಸಿರೂ ಇಲ್ಲದ ನಿನ್ನ ಬೆಳಕಿನಲ್ಲಿ ಆ ನಿರಪರಾಧಿ ಕೈಗಳಿಗೆ ವಿಶ್ರಾಂತಿ ಕೊಡು.