ಗಾಳಿಚೀಲದ ಟೀಚರಮ್ಮ

ಹಿಂದೂಪುರದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ನಮ್ಮಂಥ ಹೆಂಗಸರಿಗೆ ಓದು ಕಲಿಸಲು ಒಬ್ಬ ಟೀಚರಮ್ಮ ಬರುತ್ತಿದ್ದರು. ಅಕ್ಷರ ನನಗೆ ಅರ್ಧಂಬರ್ಧ ಬಂತು, ಅವರು ಹೇಳಿದ ಕಥೆ ಪೂರಾ ಉಳಿಯಿತು. ಕಥೆ ಮುಗಿದ ಮೇಲೆ ಕನ್ನಡಕ ಹಣೆಗೇರಿಸಿ, "ತಪ್ಪು ಯಾರ್ದು, ಹೇಳ್ರಮ್ಮ" ಅನ್ನುವರು.

ಗ್ರೀಕರ ಹಳೇ ಕಾವ್ಯದ ಒಬ್ಬ ರಾಜನೆಂದರೆ ಅವರಿಗೆ ಪ್ರಾಣ. ಯುದ್ಧ ಗೆದ್ದು ಹಡಗಿನಲ್ಲಿ ಊರಿಗೆ ಹೊರಟವನ ಹತ್ತಿರ ಬಿರುಗಾಳಿ ಕಟ್ಟಿಟ್ಟ ಚೀಲವಿತ್ತು. ಒಳಗೇನಿದೆ ಎಂದು ಜೊತೆಯವರಿಗೆ ಹೇಳಲಿಲ್ಲ. ಅವರು ಚಿನ್ನವಿರಬೇಕೆಂದು ಬಿಚ್ಚಿದರು, ಗಾಳಿ ಹಡಗುಗಳನ್ನು ದಿಕ್ಕುಗೆಡಿಸಿತು. ಕೊನೆಗೆ ಊರು ಸೇರಿದ್ದು ರಾಜ ಒಬ್ಬನೇ.

"ಬಿಚ್ಚಿದೋರ್ದೇ ತಪ್ಪು" ಎಂದೆ.

"ಹೇಳಿದ್ರೆ ಬಿಚ್ತಿದ್ರಾ?" ಎಂದರು.

ಕಲ್ಯಾಣದುರ್ಗದಲ್ಲಿ ಅವರ ತಂಗಿಯ ಮದುವೆ. ನಮ್ಮನ್ನೆಲ್ಲ ಟೆಂಪೋ ಹತ್ತಿಸಿಕೊಂಡು ಹೊರಟರು. ಪೆನುಕೊಂಡ ದಾಟಿದ ಮೇಲೆ ಡ್ರೈವರ್ ಮೆಲ್ಲಗೆ, "ಬ್ರೇಕ್ ನೆಟ್ಗೆ ಹಿಡೀತಿಲ್ಲ ಮೇಡಂ. ನಿಧಾನಕ್ಕೆ ಹೋಯ್ತೀನಿ, ಇವ್ರಿಗೆ ಹೇಳ್ಬ್ಯಾಡಿ, ಗಲಾಟೆ ಮಾಡ್ತಾರೆ" ಎಂದ.

ಟೀಚರಮ್ಮ ಗಾಡಿ ನಿಲ್ಲಿಸಿ, ಅವನು ಹೇಳಿದ್ದನ್ನು ಹಾಗೇ ನಮಗೆ ಹೇಳಿಬಿಟ್ಟರು. ಇಳಿದವರು ಒಬ್ಬರೂ ಮತ್ತೆ ಹತ್ತಲಿಲ್ಲ. ರಿಪೇರಿಯಾಗುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು.

ಅಷ್ಟರಲ್ಲಿ ತುಂಬಿದ ಬಸ್ಸೊಂದು ಬಂದು ನಿಂತಿತು. ಒಬ್ಬರಿಗೆ ಮಾತ್ರ ಜಾಗ ಎಂದ ಕಂಡಕ್ಟರ್.

"ನೀವಾದ್ರೂ ಹೋಗಿ ಟೀಚರಮ್ಮ, ತಂಗಿಗೆ ತಾಳಿ ಕಟ್ಟೋದ್ನ ನೋಡೋದು ತಪ್ಪೋಯ್ತದೆ" ಎಂದು ನಾನೇ ತಳ್ಳಿದೆ.

"ಆ ರಾಜನೂ ಹಂಗೇ ಒಬ್ನೇ ಊರು ಸೇರ್ದ ಕಣಮ್ಮ" ಎಂದರು.

ಬಸ್ಸು ಹೋಯಿತು. ಅವರು ರೇಷ್ಮೆ ಸೀರೆಯಲ್ಲೇ ನಮ್ಮ ಪಕ್ಕ ಮೋರಿಕಟ್ಟೆಯ ಮೇಲೆ ಕೂತರು.