ನೆತ್ತಿಗೇರಿದ ಕಣ್ಣು

ನಮ್ಮಕ್ಕ ಕೂತಲ್ಲಿ ಕೂರುವವಳಲ್ಲ. ಈಗಲೂ ನನ್ನ ಮನೆಗೆ ಬಂದರೆ ಊಟದ ತಟ್ಟೆ ಹಿಡಿದುಕೊಂಡೇ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ಓಡಾಡುತ್ತಾಳೆ. ಗೋಡೆಗೆ ಬೆರಳು ತಾಗಿಸುತ್ತಾ, ಕುರ್ಚಿಗಳನ್ನು ಮೊಣಕಾಲಿನಿಂದ ಗುರುತು ಹಿಡಿಯುತ್ತಾ ನಡೆಯುತ್ತಾಳೆ. ಒಂದು ಕಾಲದಲ್ಲಿ ಈ ನಡಿಗೆಯನ್ನು ನೋಡಲು ಜನ ಟಿಕೆಟ್ ಕೊಂಡು ಬರುತ್ತಿದ್ದರು. ನಾನು ಬಿಟ್ಟಿಯಾಗಿ ನೋಡಿ ತಲೆನೋವು ತಂದುಕೊಳ್ಳುತ್ತೇನೆ.

ಅವಳ ಫೋಟೊ ಇಲ್ಲದ ಪತ್ರಿಕೆ ಇರಲಿಲ್ಲ, ಅವಳ ಹೋರ್ಡಿಂಗ್ ಇಲ್ಲದ ವೃತ್ತ ಇರಲಿಲ್ಲ. ಆದರೆ ಶಾಲೆಯಲ್ಲಿ ಅವಳ ಹೆಸರು ಕೊಕ್ಕರೆ. ಉದ್ದಕ್ಕೆ ಬೆಳೆದಿದ್ದಳು, ಅಡ್ಡಕ್ಕೆ ಬೆಳೆಯುವುದನ್ನು ಮರೆತಿದ್ದಳು. ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲಿನ ಅಕ್ಷರ ಕಾಣುತ್ತಿಲ್ಲ ಅಂದಳು. ಅಮ್ಮ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರೆ ಅಂಗಡಿಯವನು ಒಂದರ ಮೇಲೊಂದು ಗಾಜು ಇಟ್ಟು ನೋಡಿ, "ಇಷ್ಟು ದಿನ ರಸ್ತೆ ಹೇಗಮ್ಮ ದಾಟ್ತಿದ್ದಳು?" ಎಂದು ಕೇಳಿದನಂತೆ.

ಕನ್ನಡಕ ಬಂತು. ದಪ್ಪ ಗಾಜು, ಒಳಗೆ ಕಣ್ಣು ಸಾಸಿವೆ ಕಾಳಿನಷ್ಟು. ಅಮ್ಮ ನೋಡಿದವಳೇ ತಲೆಯ ಮೇಲೆ ಕೈ ಹೊತ್ತು ಕೂತಳು. "ಮೊದಲೇ ಈ ಉದ್ದ. ಮೇಲಿಂದ ಈ ಸೋಡಾಬುಡ್ಡಿ. ಯಾರು ಕಟ್ಕೋತಾರೆ ಇವಳನ್ನ? ಕ್ಲಾಸಲ್ಲಿ ಮಾತ್ರ ಹಾಕ್ಕೋ. ನಿಮ್ಮಪ್ಪಂಗೆ ಗೊತ್ತಾಗೋದು ಬೇಡ."

ಅಪ್ಪನಿಗೆ ಯಾಕೆ ಗೊತ್ತಾಗಬಾರದು? ಅಪ್ಪ ಸಿಟಿ ಬಸ್ ಡ್ರೈವರ್. ಡಿಪೋದಲ್ಲಿ ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಪಾಸಾಗಿ ಬಂದ ದಿನ ಮನೆಯಲ್ಲಿ ಮೀಸೆ ತಿರುವುತ್ತಿದ್ದರು. "ನಮ್ಮ ವಂಶದಲ್ಲಿ ಒಬ್ಬರಿಗೂ ಕನ್ನಡಕ ಇಲ್ಲ" ಎನ್ನುವುದು ಅವರ ದೊಡ್ಡ ಆಸ್ತಿ. ಆ ಆಸ್ತಿಗೆ ಕಲ್ಲು ಹಾಕಲು ಅಮ್ಮನಿಗೆ ಧೈರ್ಯ ಬರಲಿಲ್ಲ. ಶಿಫ್ಟ್ ಮುಗಿಸಿ ಅಪ್ಪ ಬರುವ ಹೊತ್ತಿಗೆ ಅಕ್ಕ ಹಾಸಿಗೆ ಸೇರಿರುತ್ತಿದ್ದಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಅವಳಿಗೆ ಕಣ್ಣು ಮುಚ್ಚಿಕೊಂಡರೂ ದಾರಿ ಗೊತ್ತಿತ್ತು. ಹಾಗಾಗಿ ಗುಟ್ಟು ನಡೆದುಕೊಂಡು ಹೋಯಿತು.

ಓದು ಮುಗಿದ ಮೇಲೆ ಅಕ್ಕ ಒಂದು ಸಿದ್ಧ ಉಡುಪಿನ ಕಂಪನಿಗೆ ಸೇರಿದಳು. ದೂರದಿಂದ ಬಂದ ವ್ಯಾಪಾರಿಗಳ ಎದುರು ಹೊಸ ಬಟ್ಟೆ ತೊಟ್ಟು ನಿಲ್ಲುವ ಕೆಲಸ. ಒಂದು ದಿನ ಅಲ್ಲಿಗೆ ಬಂದ ಫೋಟೊಗ್ರಾಫರ್, "ಹಾಗೇ ಇರಿ! ಯಾರನ್ನೂ ಲೆಕ್ಕಕ್ಕೇ ಇಡದ ಹಾಗೆ ನೋಡ್ತಿದ್ದೀರಲ್ಲ, ಹಾಗೇ!" ಎಂದು ಕೂಗಿದ. ಆಮೇಲೆ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು, "ಅವನು ಎಲ್ಲಿದಾನೆ ಅಂತ ಹುಡುಕ್ತಿದ್ದೆ ಕಣೇ. ಇಷ್ಟೊತ್ತು ಕೋಟ್ ಸ್ಟ್ಯಾಂಡನ್ನೇ ಅವನು ಅಂದ್ಕೊಂಡು ನೋಡ್ತಿದ್ದೆ."

ಆ ಕೋಟ್ ಸ್ಟ್ಯಾಂಡ್ ಅವಳ ಹಣೆಬರಹ ಬದಲಿಸಿತು. ಅಕ್ಕ ಫ್ಯಾಷನ್ ಷೋಗಳ ಮಾಡೆಲ್ ಆದಳು, ನಾವಿಬ್ಬರೂ ಬೇರೆ ಮನೆ ಮಾಡಿದೆವು. 'ಜಗತ್ತನ್ನೇ ಧಿಕ್ಕರಿಸುವ ನೋಟ' ಎಂದು ಪತ್ರಿಕೆಗಳು ಬರೆದವು. ಓದಿ ನನಗೆ ನಗು ಬಂತು. ಜಗತ್ತು ಕಂಡಿದ್ದರೆ ತಾನೇ ಧಿಕ್ಕರಿಸುವುದು?

ಕಣ್ಣೊಳಗೆ ಇಡುವ ಲೆನ್ಸನ್ನೂ ತಂದೆವು. ಹಾಕಿದರೆ ಕಣ್ಣು ಕೆಂಪಾಗಿ ಊದಿಕೊಳ್ಳುತ್ತಿತ್ತು. ಊದದೇ ಇದ್ದ ಒಂದು ದಿನ ಷೋ ನಡುವೆ ಅವಳಿಗೆ ಮೊದಲ ಸಲ ಎದುರು ಕೂತವರ ಮುಖಗಳು ಕಂಡವು. ಗಾಬರಿಯಾಗಿ ಹಲ್ಲು ಕಿರಿದಳು. "ಆ ನೋಟ ಎಲ್ಲಿ ಹೋಯ್ತು? ನಮಗೆ ಬೇಕಾಗಿರೋದೇ ಅದು!" ಎಂದು ಷೋ ನಡೆಸುವವಳು ರೇಗಿದಳು. ಅಕ್ಕ ಮನೆಗೆ ಬಂದು ಲೆನ್ಸನ್ನು ಬಚ್ಚಲಿಗೆ ಎಸೆದಳು. ಕಾಣದಿದ್ದರೆ ಮಾತ್ರ ಕೆಲಸ ಎಂದು ಅವತ್ತೇ ಇತ್ಯರ್ಥವಾಯಿತು.

ಹಾಗಾದರೆ ಆಳೆತ್ತರದ ರ‍್ಯಾಂಪಿನ ಅಂಚು ಗೊತ್ತಾಗುವುದು ಹೇಗೆ? ಅದಕ್ಕೆ ನಾನಿದ್ದೆ. ಷೋಗೆ ಮುಂಚೆ ಅಕ್ಕ ಬರಿಗಾಲಲ್ಲಿ ಆ ಹಲಗೆಯ ಮೇಲೆ ನಡೆದು ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ಷೋ ಶುರುವಾದ ಮೇಲೆ ನಾನು ಗಾಢ ಹಳದಿ ಅಂಗಿ ತೊಟ್ಟು ತುದಿಯಲ್ಲಿ, ಕ್ಯಾಮೆರಾದವರ ನಡುವೆ ಕಂಬದ ಹಾಗೆ ನಿಲ್ಲುತ್ತಿದ್ದೆ. ಅವಳು ಹಳದಿಯ ನೇರಕ್ಕೆ ನಡೆಯಬೇಕು, ಹಳದಿ ದೊಡ್ಡದಾದಾಗ ನಿಂತು ತಿರುಗಬೇಕು. ಅಷ್ಟೇ ವಿದ್ಯೆ. ಅಲ್ಲಿ ಕೆಲಸ ಮಾಡುವವರಿಗೆ ನನ್ನ ಹೆಸರೇ 'ಹಳದಿ' ಆಗಿಹೋಯಿತು. ಒಮ್ಮೆ ದಪ್ಪನೆಯ ಫೋಟೊಗ್ರಾಫರೊಬ್ಬ ಹಳದಿ ಅಂಗಿಯಲ್ಲೇ ಬಂದು ನನಗಿಂತ ಮುಂದೆ ನಿಂತುಬಿಟ್ಟ. ಅಕ್ಕ ಅರ್ಧದಲ್ಲೇ ನಿಂತು ತಿರುಗಿದಳು. ಮಾರನೆಯ ದಿನ ಪತ್ರಿಕೆಯವರು ಅದನ್ನು ಹೊಸ ಶೈಲಿ ಎಂದು ಹೊಗಳಿದರು. ನನಗೆ ಮಾತ್ರ ಆ ವಾರವೆಲ್ಲ ನಿದ್ದೆ ಸರಿಯಾಗಿ ಬರಲಿಲ್ಲ.

ಅಪ್ಪನ ಬಸ್ಸು ದಿನಾ ಅಕ್ಕನ ಹೋರ್ಡಿಂಗಿನ ಮುಂದೆಯೇ ಹೋಗುತ್ತಿತ್ತು. ಅಲ್ಲಿ ಸಿಗ್ನಲ್ ಹಸಿರಿದ್ದರೂ ಬಸ್ಸು ನಿಧಾನವಾಗುತ್ತದೆ ಎಂದು ಕಂಡಕ್ಟರ್ ಅಮ್ಮನ ಹತ್ತಿರ ಚಾಡಿ ಹೇಳಿದ್ದ. ಒಂದು ದಿನ ಅಪ್ಪ ಯಾರಿಗೂ ಹೇಳದೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಷೋಗೆ ಬಂದರು.

ಅವತ್ತಿನ ಷೋನಲ್ಲಿ ಸಂಗೀತ ಇರಲಿಲ್ಲ. ಹೆಜ್ಜೆಯ ಸದ್ದೊಂದೇ ಕೇಳಬೇಕು ಎಂದು ನಡೆಸುವವರ ಹಠ. ಅಕ್ಕ ಹೊರಟಳು. ಅರ್ಧ ದಾರಿ ಬಂದಿದ್ದಳು, ಪಕ್ಕದ ಸಾಲಿನಿಂದ ಒಬ್ಬರು ಎದ್ದು ರ‍್ಯಾಂಪಿನ ಬುಡಕ್ಕೆ ಬಂದರು. ಅಪ್ಪ! ಮುಖ ಎತ್ತಿ, ಬಾಯಿ ತುಂಬ ನಗುತ್ತಾ ನಿಂತಿದ್ದರು. ಅಕ್ಕನ ಮುಖ ಸರಿಯಾಗಿ ಅವರ ಕಡೆಗೇ ತಿರುಗಿತು, ಹಾಗೇ ಅವರನ್ನು ದಾಟಿಕೊಂಡು ಮುಂದೆ ಹೋಯಿತು. ನಾನು ಓಡಿ ಹೋಗೋಣವೆಂದರೆ ಹಳದಿ ಅಲುಗಾಡಿ ಅಕ್ಕ ಕೆಳಗೆ ಬೀಳುತ್ತಾಳೆ. ಕೂಗೋಣವೆಂದರೆ ಅಂಚಿನಲ್ಲಿ ಬೆಚ್ಚುತ್ತಾಳೆ. ಅವಳು ನನ್ನ ಮುಂದೆ ಬಂದು ತಿರುಗಿದಳು, ವಾಪಸು ಹೊರಟಳು. ಅಪ್ಪ ಇನ್ನೂ ಅಲ್ಲೇ ಇದ್ದರು. ಈ ಸಲ ಕೈ ಸ್ವಲ್ಪ ಎತ್ತಿದರು. ಅಕ್ಕ ಮತ್ತೆ ಹಾಗೇ ದಾಟಿ ಹೋದಳು.

ಷೋ ಮುಗಿದದ್ದೇ ಒಳಗೆ ಓಡಿ ಹೇಳಿದೆ. ಅಕ್ಕ ತೊಟ್ಟ ಬಟ್ಟೆಯಲ್ಲೇ, ಬರಿಗಾಲಲ್ಲೇ ರಸ್ತೆಗೆ ನುಗ್ಗಿದಳು. ಕನ್ನಡಕ ಚೀಲದಲ್ಲೇ ಉಳಿದಿತ್ತು. ರಸ್ತೆ ತುಂಬ ಮನೆಗೆ ಹೋಗುವ ಗಂಡಸರು. ಅವಳು ನನ್ನ ತೋಳು ಹಿಡಿದು ಜಗ್ಗುತ್ತಾ, "ಯಾವುದು ಅಪ್ಪ? ಬೇಗ ಹೇಳೇ, ಇವರಲ್ಲಿ ಯಾವುದು ಅಪ್ಪ?" ಎಂದು ಕೇಳುತ್ತಿದ್ದಳು. ಅವರಲ್ಲಿ ಅಪ್ಪ ಇರಲಿಲ್ಲ.

ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿದ್ದು ಇಷ್ಟೇ: "ನಿನ್ನ ಮಗಳ ಕಣ್ಣು ನೆತ್ತಿಗೇರಿದೆ. ಇನ್ಮೇಲೆ ಅವಳ ಸುದ್ದಿ ಎತ್ತಬೇಡ." ಮರುವಾರವೇ ಡಿಪೋದಲ್ಲಿ ಕೇಳಿಕೊಂಡು ಬೇರೆ ರೂಟಿಗೆ ಹಾಕಿಸಿಕೊಂಡರು.

ಹೇಳಿಬಿಡೋಣ ಅಂದೆವು. ಅಮ್ಮ ಫೋನಿನಲ್ಲಿ ಅತ್ತಳು. "ಹೇಳಿದ್ರೆ ನಾಳೆನೇ ಬಂದು ಅವಳನ್ನ ಎಳ್ಕೊಂಡು ಹೋಗ್ತಾರೆ. ಕಣ್ಣು ಕಾಣದೋರನ್ನ ರಸ್ತೆಗೇ ಬಿಡಬಾರದು ಅನ್ನೋ ಮನುಷ್ಯ ಅವರು. ಇಷ್ಟು ವರ್ಷ ಮುಚ್ಚಿಟ್ಟೆ ಅಂತ ನನ್ನ ಮುಖಾನೂ ನೋಡಲ್ಲ. ನಾನಿರೋವರೆಗೆ ಬಾಯಿ ಬಿಡಬೇಡಿ." ಕೆಲಸ ಬೇಕಾದರೆ ಅಪ್ಪ ಇಲ್ಲ, ಅಪ್ಪ ಬೇಕಾದರೆ ಕೆಲಸ ಇಲ್ಲ. ಅಕ್ಕ ಇಡೀ ದಿನ ಕೋಣೆಯೊಳಗೆ ಸುತ್ತಿದಳು. ಸಂಜೆ ನನ್ನ ಹಳದಿ ಅಂಗಿ ಒಗೆದು ಒಣಹಾಕಿದಳು. ನನಗೆ ಮೂವರ ಮೇಲೂ ಸಿಟ್ಟಿತ್ತು, ಈಗಲೂ ಇದೆ.

ಅಮ್ಮ ತೀರಿಕೊಂಡಾಗ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡೇ ಬಂದಳು. ಅವಳ ನಂಬರಿನ ಗಾಜನ್ನು ಕಪ್ಪು ಮಾಡಿಸಿಕೊಂಡಿದ್ದಳು, ಬೀದಿಯಲ್ಲಿ ಯಾರಿಗೂ ಅನುಮಾನ ಬರಬಾರದೆಂದು. ತಾಯಿಯ ಮುಖವನ್ನು ಕೊನೆಯ ಸಲ ಸರಿಯಾಗಿ ನೋಡಲು ಅದು ಬೇಕೇ ಬೇಕಿತ್ತು. "ಹೆತ್ತವಳು ಸತ್ತಾಗಲೂ ಶೋಕಿ" ಎಂದು ಅಪ್ಪ ಮುಖ ತಿರುಗಿಸಿದರು. ಆಮೇಲಾದರೂ ಹೇಳೆಂದರೆ ಅಕ್ಕ, "ಸತ್ತೋಳ ಮೇಲೆ ತಪ್ಪು ಹೊರಿಸ್ಲಾ?" ಎಂದಳು. ಅವಳು ಬಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ವರ್ಷಗಟ್ಟಲೆ ಹೀಗೇ ಕಳೆಯಿತು. ಹೊಸ ಹುಡುಗಿಯರು ಬಂದರು, ಅಕ್ಕ ರ‍್ಯಾಂಪ್ ಬಿಟ್ಟು ಅವರಿಗೆ ನಡಿಗೆ ಕಲಿಸಲು ನಿಂತಳು.

ಕಳೆದ ವರ್ಷ ಅಪ್ಪನ ಕಣ್ಣಿಗೇ ಪೊರೆ ಬಂತು. ಆಪರೇಷನ್ ಆಯಿತು. ಒಬ್ಬಳ ಕೈಲಿ ಆಗುವುದಿಲ್ಲವೆಂದು ನಾನು ಅಕ್ಕನನ್ನು ಕರೆಸಿದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮಂಜು. ಅಪ್ಪನಿಗೆ ಎದ್ದು ಹೋಗೋಣವೆಂದರೆ ದಾರಿ ಕಾಣಬೇಕಲ್ಲ. ಗೊಣಗುತ್ತಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ನರ್ಸು ಎರಡು ಔಷಧಿ ಬಾಟಲಿ ತಂದು ಅಕ್ಕನ ಕೈಗಿಟ್ಟಳು. ಕಪ್ಪು ಗಾಜಿನಲ್ಲಿ ಅಕ್ಷರ ಕಾಣದೆ ಅಕ್ಕ ಕನ್ನಡಕ ತೆಗೆದು ಬಾಟಲಿಯನ್ನು ಮೂಗಿನ ತುದಿಗೆ ಹಿಡಿದಳು.

"ಯಾಕೆ ಅದನ್ನ ಮೂಸ್ತಿದ್ದಾಳೆ?" ಅಪ್ಪ ನನ್ನನ್ನು ಕೇಳಿದರು.

"ಓದ್ತಿದ್ದೀನಿ," ಎಂದಳು ಅಕ್ಕ.

"ಹಾಗೆ ಯಾರು ಓದ್ತಾರೆ?"

"ದೂರದ್ದು ಕಾಣದೋರು, ಅಪ್ಪ."

"ಯಾವಾಗಿಂದ?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ತಡೆಯಲಿಲ್ಲ. "ಎಂಟನೇ ಕ್ಲಾಸಿಂದ," ಎಂದಳು.

ಅಪ್ಪನ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು. "ಅಷ್ಟೆತ್ತರದಲ್ಲಿ ಕಾಣದೇನೇ ನಡೀತಿದ್ಯಾ? ನಾನು ಲೈಟಿಲ್ಲದ ಬಸ್ಸನ್ನ ಡಿಪೋದಿಂದ ಆಚೆ ತೆಗೆದವನಲ್ಲ. ನಿಮಗೆಲ್ಲ ಬುದ್ಧಿ ಇದೆಯಾ?" ಎಂದು ಜೋರು ಮಾಡಿದರು. ಅಕ್ಕಪಕ್ಕದವರು ತಿರುಗಿ ನೋಡಿದರು. ಆಮೇಲೆ ಅಪ್ಪ ದನಿ ಇಳಿಸಿದರು.

"ಅವತ್ತು ನಾನು ನಿನ್ನ ಕಾಲ ಹತ್ರಾನೇ ನಿಂತಿದ್ದೆ."

"ಯಾರೋ ಇದ್ದಾರೆ ಅಂತಾನೂ ಗೊತ್ತಾಗ್ಲಿಲ್ಲ ಅಪ್ಪ. ಒಂದು ಸಲ ಕೂಗಿದ್ದಿದ್ರೆ ನಿಂತುಬಿಡ್ತಿದ್ದೆ."

"ಕೂಗ್ಬೇಕು ಅಂತಾನೇ ಮುಂದೆ ಬಂದಿದ್ದು ಮಗಳೇ," ಅಪ್ಪ ಪಟ್ಟಿಯಿಲ್ಲದ ಕಣ್ಣನ್ನು ಒರೆಸಿಕೊಂಡರು. "ಅಷ್ಟು ದೊಡ್ಡ ಜನರ ಮಧ್ಯೆ ಬಸ್ ಡ್ರೈವರ್ ಮಗಳು ಅಂತ ಗೊತ್ತಾದ್ರೆ ನಿನಗೆ ಅವಮಾನ ಆಗುತ್ತೇನೋ ಅಂತ ಬಾಯಿ ಮುಚ್ಕೊಂಡೆ."