ನೀರುನಾಯಿಯ ನಮಸ್ಕಾರ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಚನ್ನಗಿರಿಯ ನನ್ನ ತಮ್ಮನ ಮನೆಯ ನಡುಮನೆಯಲ್ಲಿ ಸಣ್ಣದೊಂದು ಕಾರ್ಖಾನೆಯೇ ತೆರೆದುಕೊಳ್ಳುತ್ತಿತ್ತು. ತಮ್ಮನ ಮಕ್ಕಳ ಪುಸ್ತಕಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಪಕ್ಕದಲ್ಲಿ ಕತ್ತರಿ, ಲೇಬಲ್ಲು, ಅದನ್ನು ಅಂಟಿಸಲು ಬಟ್ಟಲಲ್ಲಿ ನಾಲ್ಕು ಅಗುಳು ಅನ್ನ ಇಟ್ಟುಕೊಂಡು ಅವ್ವ ಬೈಂಡ್ ಹಾಕಲು ಕೂರುತ್ತಿದ್ದಳು. ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಪರದೇಶದ ಪತ್ರಿಕೆಗಳ ನುಣುಪು ಹಾಳೆಯೆಂದರೆ ಅವಳಿಗೆ ಪ್ರಾಣ, ನೀರು ಬಿದ್ದರೂ ಜಾರಿಹೋಗುತ್ತದಲ್ಲ. ಹಾಗಾಗಿ ನಮ್ಮ ಕಡೆಯ ಎಷ್ಟೋ ಮಕ್ಕಳು ಕಂಡರಿಯದ ದೇಶದ ಹಿಮ, ಸೇಬು, ಟ್ರಾಕ್ಟರುಗಳನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಕನ್ನಡ ಪಾಠ ಓದಿದವು.

ಎಂಬತ್ತರ ದಶಕದ ಅಂಥದೊಂದು ಮಧ್ಯಾಹ್ನ ಅವ್ವ ಬಿಡಿಸಿದ ಜೋಡಿಹಾಳೆ ನನ್ನ ಪಿತ್ತವನ್ನು ನೆತ್ತಿಗೇರಿಸಿತು. ಹಾಳೆಯ ತುಂಬ ಕೊಳವೊಂದರ ಸುತ್ತ ಕೂತು ಚಪ್ಪಾಳೆ ತಟ್ಟುತ್ತಿರುವ ಜನ. ಬಲತುದಿಯಲ್ಲಿ ನೀರಿನಿಂದ ಮೇಲೆದ್ದ ಕಪ್ಪು ಬಿಳುಪಿನ ತಿಮಿಂಗಿಲ, ಅದರ ಮೂತಿಯ ಮೇಲೆ ಕೈಚಾಚಿ ನಿಂತ ನಗುಮುಖದ ಹುಡುಗಿ. ತಿಮಿಂಗಿಲದ ಬೆನ್ನ ಮೇಲೆ ನೆಟ್ಟಗೆ ನಿಲ್ಲಬೇಕಾದ ರೆಕ್ಕೆ ಬಾಡಿದ ಬಾಳೆಎಲೆಯ ಹಾಗೆ ಒಂದು ಪಕ್ಕಕ್ಕೆ ಬಿದ್ದಿತ್ತು. ಕಡಲಲ್ಲಿ ತನ್ನ ಬಳಗದ ನಡುವೆ ತೇಲುವ ಇದೇ ಜಾತಿಯ ತಿಮಿಂಗಿಲದ ಚಿತ್ರ ಹಾಳೆಯ ಹಿಂಬದಿಯಲ್ಲಿತ್ತು, ಅಲ್ಲಿ ರೆಕ್ಕೆ ನೆಟ್ಟಗಿತ್ತು. ಕೊಳದಲ್ಲಿದ್ದದ್ದನ್ನು ಮರಿಯಾಗಿದ್ದಾಗಲೇ ತಾಯಿಯಿಂದ ಬೇರ್ಪಡಿಸಿ ಹಿಡಿದು ತಂದದ್ದೆಂದು ಕೆಳಗೆ ಹೆಮ್ಮೆಯಿಂದ ಬರೆದುಕೊಂಡಿದ್ದರು, ಹೆಸರು ಮಾತ್ರ ಕೊಲೆಗಾರ ತಿಮಿಂಗಿಲ. ನೀವೇ ಹೇಳಿ, ಮಗುವನ್ನು ಕದ್ದವರು ಯಾರು, ಕೊಲೆಗಾರನೆಂಬ ಪಟ್ಟ ಯಾರಿಗೆ?

ನನ್ನ ಸಿಟ್ಟು ಕಾಣದ ಕಡಲಿನದಲ್ಲ, ಕಂಡ ತೊಟ್ಟಿಯದು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನ ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿದ್ದೆ. ಹುಟ್ಟಿ ಬೆಳೆದದ್ದು ಹೊನ್ನಾಳಿಯಲ್ಲಿ, ತುಂಗಭದ್ರೆಯ ಮಗ್ಗುಲಲ್ಲಿ. ಅವ್ವನ ಜೊತೆ ಬಟ್ಟೆ ಒಗೆಯಲು ಹೋದಾಗ ಆಚೆ ದಡದ ಬಂಡೆಗಳ ಮೇಲೆ ನೀರುನಾಯಿಗಳ ಸಂಸಾರವನ್ನು ನೋಡುತ್ತ ಕೂರುವುದೇ ನನ್ನ ಕೆಲಸ. ಉರುಳಾಡಿ, ಮೈ ಒರೆಸಿಕೊಂಡು, ಒಂದರ ಹಿಂದೆ ಒಂದು ನೀರಿಗೆ ಜಾರುವ ಆ ಬಳಗದಲ್ಲಿ ಒಂದು ಹಿಂದುಳಿದರೆ ಕೀಚಲು ದನಿಯಲ್ಲಿ ಸಿಳ್ಳೆ ಹಾಕುತ್ತಿತ್ತು; ಎತ್ತಲಿಂದಲೋ ಮರುಸಿಳ್ಳೆ ಬಂದಮೇಲೇ ಅದಕ್ಕೆ ಸಮಾಧಾನ. ಆ ಸಿಳ್ಳೆಯನ್ನು ನಾನು ಜಗಳೂರಿನ ಸಂತೆ ಮೈದಾನದ ಒಂದು ಗುಡಾರದೊಳಗಿಂದ ಕೇಳಿದೆ. ಹೊಳೆಯೇ ಇಲ್ಲದ ಊರಿನಲ್ಲಿ ಹೊಳೆಯ ದನಿ ಕೇಳಿ ಕಾಲು ತಾನಾಗಿ ಅತ್ತ ತಿರುಗಿತು.

ಒಳಗೆ ತಗಡಿನ ತೊಟ್ಟಿ, ಅದರಲ್ಲಿ ಒಂಟಿ ನೀರುನಾಯಿ. ಹೊನ್ನಾಳಿಯ ಬಳಿ ಬಲೆಗೆ ಸಿಕ್ಕಿದ್ದನ್ನು ನ್ಯಾಮತಿ, ಸವಳಂಗ, ಬಸವಾಪಟ್ಟಣವೆಂದು ಮೆರೆಸುತ್ತ ಗುಡಾರದ ಯಜಮಾನ ಇಲ್ಲಿಯವರೆಗೆ ತಂದಿದ್ದ. ಅದು ಹಿಂಗಾಲ ಮೇಲೆ ಎದ್ದು ಮುಂಗಾಲು ಜೋಡಿಸಿದರೆ ಒಂದು ಮೀನು, ಇಲ್ಲದಿದ್ದರೆ ಇಲ್ಲ. ಹಸಿವು ಕಲಿಸಿದ ಆ ನಮಸ್ಕಾರಕ್ಕೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನಡುನಡುವೆ ಅದು ತಲೆಯೆತ್ತಿ ಸಿಳ್ಳೆ ಹಾಕಿ, ಕಿವಿಗೊಟ್ಟು ಕಾಯುತ್ತಿತ್ತು.

"ಖುಷಿಯಾಗಿ ಹಾಡ್ತೈತೆ ನೋಡ್ರಿ ಟೀಚರಮ್ಮ," ಅಂದ ಯಜಮಾನ.

"ಹಾಡಲ್ಲಪ್ಪ ಅದು, ತನ್ನೋರನ್ನ ಕರಿತೈತೆ. ಹೊಳೆಗೆ ಬಿಟ್ಟು ಬಾ."

"ಬರೋ ವಾರದ ಸಂತೆ ಒಂದು ಮುಗೀಲಿ ಬಿಡ್ರಿ, ನಾನೇ ಬಿಟ್ಟು ಬರ್ತೀನಿ. ಇಲ್ಲಿ ಏನು ಕಡಿಮೆ ಆಗೈತ್ರಿ ಇದಕ್ಕೆ? ಹೊತ್ತು ಹೊತ್ತಿಗೆ ಮೀನು ಐತೆ."

ಈ ಹೊತ್ತು ಹೊತ್ತಿನ ಮೀನಿನ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಸಿವನ್ನೇ ಹಗ್ಗ ಮಾಡಿಕೊಂಡು ಕುಣಿಸುವವನು ತಾನು ಅನ್ನದಾತನೆಂದು ಎದೆ ತಟ್ಟಿಕೊಳ್ಳುತ್ತಾನೆ, ನಾವು ಹೌದೆಂದು ತಲೆಯಾಡಿಸುತ್ತೇವೆ. ನಮ್ಮ ಹೆಡ್‌ಮಾಸ್ಟರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಎಲ್ಲಾ ಕ್ಲಾಸಿನ ಮಕ್ಕಳನ್ನೂ ಕರ್ಕೊಂಡು ಹೋಗ್ರಿ, ಪ್ರಾಣಿಜ್ಞಾನ ಬರತೈತೆ," ಅಂದರು. ಬಂಡೆಯಿಲ್ಲದ, ಬಳಗವಿಲ್ಲದ, ಓಟವಿಲ್ಲದ ನೀರುನಾಯಿಯನ್ನು ನೋಡಿ ಬರುವ ಜ್ಞಾನ ಯಾವುದು ಸ್ವಾಮಿ? ಬಲವಿದ್ದವನು ಯಾರನ್ನು ಬೇಕಾದರೂ ತೊಟ್ಟಿಯಲ್ಲಿ ಹಾಕಿ ನಗಬಹುದು ಎಂಬ ಜ್ಞಾನವೊಂದೇ. ನನ್ನ ತರಗತಿಯನ್ನು ಕರೆದೊಯ್ಯಲಾರೆ ಎಂದು ಮುಖಕ್ಕೇ ಹೇಳಿದೆ. ಹೊಸ ಟೀಚರಿಗೆ ತಲೆ ತಿರುಗಿದೆ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಬಹಳ ದಿನ ಓಡಾಡಿತು.

ಊರಿನ ಹಿರಿಯರ ಹತ್ತಿರವೂ ಹೋದೆ. ಅವರಲ್ಲೊಬ್ಬರು ಸಮಾಧಾನವಾಗಿಯೇ ಹೇಳಿದರು: "ನಿಮ್ಮೂರಾಗೆ ಹೊಳೆ ಐತಮ್ಮ. ನಮ್ಮೂರಿಗೆ ಅದು ಬರಲ್ಲ. ಹೊಳೆ ಪ್ರಾಣಿನಾದ್ರೂ ಬಂದೈತೆ, ನಾಕು ದಿನ ನೋಡ್ಲಿ ಬಿಡ್ರಿ." ಎದ್ದು ಬಂದೆ, ಸಿಟ್ಟಂತೂ ಇಳಿಯಲಿಲ್ಲ.

ಆಮೇಲೆ ನಡೆದದ್ದು ನಮ್ಮ ಕಡೆಯವರಿಂದ ಮಾತ್ರ ಆಗಬಹುದಾದ ತಪ್ಪು. ಹೊನ್ನಾಳಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಹೊಳೆಗೆ ಕಾಸು ಎಸೆದು ಕೈಮುಗಿಯುವುದು ನಮ್ಮಲ್ಲಿ ವಾಡಿಕೆ. ಯಜಮಾನ ತೊಟ್ಟಿಯ ನೀರು ಸಾಕ್ಷಾತ್ ತುಂಗಭದ್ರೆಯದು, ಡ್ರಮ್ಮುಗಳಲ್ಲಿ ತುಂಬಿ ಲಾರಿಯಲ್ಲಿ ತಂದದ್ದು ಎಂದು ಕೂಗಿ ಹೇಳುತ್ತಿದ್ದ. ಹೊಳೆಗಾಗಿ ಹಂಬಲಿಸಿದ ಜನಕ್ಕೆ ಅಷ್ಟೇ ಸಾಕಾಯಿತು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ ಕಾಸು ಹಾಕತೊಡಗಿದರು. ಹೊಳೆಯುತ್ತ ಇಳಿಯುವ ಕಾಸನ್ನು ಅರೆಹೊಟ್ಟೆಯ ಆ ಪ್ರಾಣಿ ಮೀನೆಂದುಕೊಂಡು ಮುಳುಗಿ ಮುಳುಗಿ ಬಾಯಲ್ಲಿ ಹಿಡಿದು ನುಂಗುತ್ತಿತ್ತು. ನಾನು ಕೂಗಿಕೊಂಡೆ, ತೊಟ್ಟಿಗೆ ಬಲೆ ಮುಚ್ಚಿಸೆಂದು ಯಜಮಾನನ ಜೊತೆ ಜಗಳವಾಡಿದೆ. "ಭಕ್ತಿಗೆ ಅಡ್ಡ ಬರಬ್ಯಾಡ್ರಿ," ಅಂದ. ಮೀನಿನ ಖರ್ಚೂ ಉಳಿಯಿತು ಎಂದುಕೊಂಡನೋ ಏನೋ, ಯಾರಿಗೆ ಗೊತ್ತು.

ಆ ಸಂತೆ ಬರುವ ಮೊದಲೇ ಸಿಳ್ಳೆ ನಿಂತಿತು. ಸತ್ತ ಪ್ರಾಣಿಯ ಚರ್ಮ ಸುಲಿದವನು ಹೊಟ್ಟೆಯಲ್ಲಿ ಬರೀ ಕಾಸು ಕಂಡೆನೆಂದು ಹೇಳಿಕೊಂಡು ತಿರುಗಿದ. ಇಷ್ಟಾದ ಮೇಲೆ ಗುಡಾರ ಕಿತ್ತರೆಂದುಕೊಂಡಿರಾ? ಗಂಗೆ ತನ್ನ ಪ್ರಾಣಿಯನ್ನು ಕರೆಸಿಕೊಂಡಳು ಎಂದು ಯಜಮಾನ ಕಣ್ಣೊರೆಸಿಕೊಂಡ. ಜನ ಮರುದಿನವೂ ಬಂದು ಖಾಲಿ ತೊಟ್ಟಿಗೆ ಕೈಮುಗಿದು ಇನ್ನಷ್ಟು ಕಾಸು ಹಾಕಿದರು. ಅವರ ಮುಗಿದ ಕೈಗಳನ್ನು ನೋಡಿ ನನಗೆ ಬಂದ ಸಿಟ್ಟು ಅಳುವಿನ ಜೊತೆಗೇ ಬಂತು, ಇವತ್ತಿಗೂ ಎರಡನ್ನೂ ಬಿಡಿಸಿ ನೋಡಲು ಆಗಿಲ್ಲ. ಕ್ರೌರ್ಯವನ್ನು ಬೈದು ಓಡಿಸಬಹುದು, ಆದರೆ ಪ್ರೀತಿಯ, ಭಕ್ತಿಯ, ಮಕ್ಕಳ ಸಂತೋಷದ ವೇಷ ಹಾಕಿಕೊಂಡು ಬರುವ ಕ್ರೌರ್ಯವನ್ನು ಯಾವ ಬಾಯಿಂದ ಬೈಯುವುದು? ಅವ್ವನ ಹಾಳೆಯ ಆ ಕೊಳದ ಸುತ್ತ ಕೂತವರೂ ಕೆಟ್ಟವರೇನಲ್ಲ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದ ಸಂಸಾರವಂದಿಗರು. ಅದಕ್ಕೇ ನನಗೆ ಅವರ ಮೇಲೆ ಇನ್ನೂ ಹೆಚ್ಚು ಕೋಪ.

ಆ ಮಧ್ಯಾಹ್ನ ಅವ್ವನಿಗೆ ಇದನ್ನೆಲ್ಲ ಹೇಳಿ ಹಾಳೆಯನ್ನು ಒಲೆಗೆ ಹಾಕೆಂದೆ. ಅವಳು ಹಾಕಲಿಲ್ಲ. "ಕೊನೀಗೂ ಅದಕ್ಕೆ ಯಾರೂ ಓಗೊಡಲಿಲ್ಲ ಅನ್ನು," ಎಂದಳು. ಆಮೇಲೆ ಸಮಾಜ ಪುಸ್ತಕವನ್ನು ಹಾಳೆಯ ನಡುವೆ ಇಟ್ಟು, ಅಂಚುಗಳನ್ನು ಉಗುರಿನಿಂದ ಗೀರಿ ಮಡಿಸಿದಳು. ಬಲತುದಿಯಲ್ಲಿದ್ದ ತಿಮಿಂಗಿಲ, ಮೂತಿಯ ಮೇಲಿನ ಹುಡುಗಿಯ ಸಮೇತ, ರಟ್ಟಿನ ಒಳಗಿನ ಮಡಿಕೆಗೆ ಸರಿದುಹೋಯಿತು. ಮೇಲೆ ಉಳಿದದ್ದು ನೀಲಿ ನೀರು, ನಗುವ ಜನ.

"ನೋಡೀಗ," ಅಂದಳು ಅವ್ವ, "ಖಾಲಿ ನೀರಿಗೆ ಚಪ್ಪಾಳೆ ತಟ್ಟಾಕೆ ಕುಂತಾರೆ."

ನಾನು ಲೇಬಲ್ಲಿನ ಹಿಂದೆ ಅನ್ನದ ಅಗುಳು ಹಿಸುಕಿ, ಎಲ್ಲಿ ಹಚ್ಚಲಿ ಅಂದೆ.

"ನಗ್ತಾವಲ್ಲ, ಆ ಮುಖಗಳ ಮ್ಯಾಲೆ ಹಚ್ಚು."